ಮಾತಿನ ಧಾಟಿ

ಕಾಲೇಜು ಸೇರಿದ ಮೇಲೆ ತಂಗಿಯ ಮಾತಿನ ಧಾಟಿಯೇ ಬದಲಾಗಿದೆ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಭಾಷೆ ಕೆಡಿಸ್ಕೊಂಡಳು ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಯಾರ ಜೊತೆ ಇರಬೇಕು ಅನ್ನಿಸುತ್ತೋ ಅವರ ಥರ ಬಾಯಿ ತಿರುಗುತ್ತೆ, ಅಲ್ವಾ?

ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಜನರ ಮಾತನ್ನು ಕೂತು ಕೇಳಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1963ರಲ್ಲಿ ಬರೆದಿದ್ದು ಇದನ್ನೇ. ಬೇಸಿಗೆ ಬಂದರೆ ಅಲ್ಲಿ ಪ್ರವಾಸಿಗರ ದಂಡು. ಇದು ನಮ್ಮ ದ್ವೀಪ, ಇಲ್ಲೇ ಇರ್ತೀವಿ ಅನ್ನೋ ಹಟ ಇದ್ದವರ ಬಾಯಲ್ಲಿ ‘ಐ’, ‘ಔ’ ಸ್ವರಗಳು ಅಲ್ಲಿನ ಹಳೇ ಮೀನುಗಾರರ ಥರವೇ ಹೊರಡುತ್ತಿದ್ದವು. ಬಿಟ್ಟು ಹೋಗುವ ಆಸೆ ಇದ್ದವರಲ್ಲಿ ಅದು ತೀರಾ ಕಡಿಮೆ. ಯಾರೂ ಬೇಕಂತ ಮಾಡಿದ್ದಲ್ಲ, ಹೀಗೆ ಮಾತಾಡ್ತಿದ್ದೀವಿ ಅಂತ ಅವರಿಗೇ ಗೊತ್ತಿರಲಿಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ.