ಫೆಟಿಸೊವ್ ಜೊತೆ ಆಡಿದವರು

ಜೂನ್ 13, 2024, ಗುರುವಾರ
ನೋವೈ, ಮಿಷಿಗನ್

1997ರ ಜೂನ್ 13 ಶುಕ್ರವಾರ ಆಗಿತ್ತು. ಡೆಟ್ರಾಯ್ಟ್ ರೆಡ್ ವಿಂಗ್ಸ್ ಐಸ್ ಹಾಕಿ ತಂಡ 42 ವರ್ಷದ ಮೇಲೆ ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದು ಆರೇ ದಿನ ಕಳೆದಿತ್ತು. ಆಟಗಾರರು ಗಾಲ್ಫ್ ಆಡಿ, ಊಟ ಮುಗಿಸಿ ಹೊರಟಿದ್ದರು. ಕುಡಿದು ಗಾಡಿ ಓಡಿಸೋದು ಬೇಡ ಅಂತಲೇ ಬಾಡಿಗೆಗೆ ಲಿಮೊಸಿನ್ ತರಿಸಿದ್ದರು. ಅದರ ಚಾಲಕನ ಲೈಸೆನ್ಸ್ ಆಗಲೇ ಅಮಾನತಾಗಿತ್ತು. ಬರ್ಮಿಂಗ್‌ಹ್ಯಾಮ್ ಊರಿನ ವುಡ್‌ವರ್ಡ್ ಅವೆನ್ಯೂನಲ್ಲಿ ಗಾಡಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿತು. ಒಳಗೆ ಮೂವರು ರಷ್ಯನ್ನರಿದ್ದರು. ಡಿಫೆಂಡರ್ ವ್ಲಾಡಿಮಿರ್ ಕೊನ್‌ಸ್ಟಾಂಟಿನೊವ್, ಆಟಗಾರರಿಗೆ ಮಸಾಜ್ ಮಾಡುತ್ತಿದ್ದ ಸೆರ್ಗೆಯ್ ಮ್ನತ್ಸಕನೊವ್, ಮತ್ತು ಇನ್ನೊಬ್ಬ ಡಿಫೆಂಡರ್ ವ್ಯಾಚೆಸ್ಲಾವ್ ಫೆಟಿಸೊವ್. ಮೊದಲ ಇಬ್ಬರ ಮಿದುಳಿಗೆ ಪೆಟ್ಟು ಬಿತ್ತು. ಫೆಟಿಸೊವ್ ಎದೆಗೆ ಏಟು ತಿಂದು ಉಳಿದುಕೊಂಡ.

ಈ ದಿನ ಇಲ್ಲಿನ ಜನ ಕೊನ್‌ಸ್ಟಾಂಟಿನೊವ್‌ನನ್ನು ನೆನೆಯುತ್ತಾರೆ. ನೆನೆಯಲೇಬೇಕು. ನನ್ನನ್ನು ಜಾಸ್ತಿ ಕಾಡುವವನು ಮಾತ್ರ ಫೆಟಿಸೊವ್. ಅವನ ಬಾಳಿನಲ್ಲಿ ಇದು ಎರಡನೇ ಕಾರು ಅಪಘಾತ. 1985ರಲ್ಲಿ ಅವನೇ ಓಡಿಸುತ್ತಿದ್ದ ಕಾರು ಅಪಘಾತಕ್ಕೆ ಸಿಕ್ಕಿ, ಪಕ್ಕದಲ್ಲಿದ್ದ ತಮ್ಮ ಅನತೋಲಿ ತೀರಿಕೊಂಡಿದ್ದ. ಆ ಹುಡುಗನೂ ಹಾಕಿ ಆಟಗಾರನೇ.

ಐಸ್ ಹಾಕಿ ನೋಡದವರಿಗಾಗಿ ಒಂದು ಮಾತು. ಗೋಲ್‌ಕೀಪರ್ ಬಿಟ್ಟರೆ ರಿಂಕ್‌ನಲ್ಲಿ, ಅಂದರೆ ಮಂಜಿನ ಅಂಗಳದಲ್ಲಿ, ಒಂದು ತಂಡದ ಐದು ಜನ ಇರುತ್ತಾರೆ. ಮುಂದೆ ಮೂವರು, ಹಿಂದೆ ಇಬ್ಬರು. ಆ ಹಿಂದಿನ ಇಬ್ಬರೇ ಡಿಫೆಂಡರ್‌ಗಳು. ಅವರು ಯಾವಾಗಲೂ ಜೋಡಿ. ಮುಕ್ಕಾಲು ನಿಮಿಷದ ಹೊತ್ತು ಒಟ್ಟಿಗೆ ಇಳಿಯುತ್ತಾರೆ, ಒಟ್ಟಿಗೆ ಬೆಂಚಿಗೆ ಬರುತ್ತಾರೆ. ಒಬ್ಬ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಗೊಂಡು ಮುಂದಕ್ಕೆ ನುಗ್ಗಿದ ಅಂದರೆ ಇನ್ನೊಬ್ಬ ಹೇಳಿಸಿಕೊಳ್ಳದೆ ಹಿಂದೆ ನಿಲ್ಲಬೇಕು. ಫೆಟಿಸೊವ್ ನುಗ್ಗುವವನು. ಹಾಗಾಗಿ ಅವನ ಆಟ ಹೇಗಿತ್ತು ಅಂತ ತಿಳಿಯೋಕೆ ಪಕ್ಕದಲ್ಲಿ ಯಾರಿದ್ದರು ಅಂತಲೂ ನೋಡಬೇಕು.

ಮಾಸ್ಕೋದ ಸೈನ್ಯದ ಕ್ಲಬ್ ಸಿಎಸ್‌ಕೆಎಯಲ್ಲಿ ಆ ಜಾಗ ಅಲೆಕ್ಸೆಯ್ ಕಸಟೋನೊವ್‌ನದು. ಮುಂದೆ ಕ್ರುಟೊವ್, ಲರಿಯೊನೊವ್, ಮಕರೊವ್. 1980ರ ದಶಕದಲ್ಲಿ ಈ ಐವರಷ್ಟು ಚೆನ್ನಾಗಿ ಆಡಿದ ಇನ್ನೊಂದು ಗುಂಪು ಇರಲಿಲ್ಲ ಅಂತ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. 1984ರಲ್ಲಿ ಸರಾಯೆವೊ, 1988ರಲ್ಲಿ ಕ್ಯಾಲ್ಗರಿ, ಎರಡೂ ಒಲಿಂಪಿಕ್ಸ್ ಚಿನ್ನ. ವಿಶ್ವ ಚಾಂಪಿಯನ್‌ಶಿಪ್ ಚಿನ್ನವಂತೂ ಫೆಟಿಸೊವ್ ಹತ್ತಿರ ಏಳಿವೆ. ಆದರೆ ಬದುಕು ಜೈಲಿನ ಹಾಗಿತ್ತು. ಕೋಚ್ ವಿಕ್ಟರ್ ಟಿಖೊನೊವ್ ವರ್ಷದ ಬಹುಪಾಲು ಇವರನ್ನು ಊರಾಚೆಯ ಶಿಬಿರದಲ್ಲಿ ಕೂಡಿಹಾಕುತ್ತಿದ್ದ. ಹೆಂಡತಿ ಮಕ್ಕಳ ಮುಖ ನೋಡೋದೇ ಅಪರೂಪ. ಕಾಗದದ ಮೇಲೆ ಎಲ್ಲರೂ ಸೈನ್ಯದ ಅಧಿಕಾರಿಗಳು. ಆಗಲ್ಲ ಅಂದರೆ ಆಜ್ಞೆ ಮೀರಿದ ಹಾಗೆ.

ಅಮೆರಿಕದ ನ್ಯೂಜೆರ್ಸಿ ಡೆವಿಲ್ಸ್ ತಂಡ 1983ರಲ್ಲೇ ಫೆಟಿಸೊವ್ ಹೆಸರನ್ನು ಡ್ರಾಫ್ಟ್‌ನಲ್ಲಿ, ಅಂದರೆ ಲೀಗ್‌ನ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ತಗೊಂಡಿತ್ತು. ಕ್ಯಾಲ್ಗರಿ ಚಿನ್ನ ಬಂದ ಮೇಲೆ ಹೋಗಲು ಬಿಡುತ್ತೇವೆ ಅಂದಿದ್ದರು, ಬಿಡಲಿಲ್ಲ. ಬಿಡುವ ಮಾತು ಬಂದಾಗಲೂ ಸಂಬಳದ ಬಹುಪಾಲು ಸರ್ಕಾರಕ್ಕೆ ಅಂದರು. ಅವನು ಒಪ್ಪಲಿಲ್ಲ. 1989ರ ಶುರುವಿನಲ್ಲಿ, ಟಿಖೊನೊವ್ ಕೈಕೆಳಗೆ ಇನ್ನು ಆಡುವುದಿಲ್ಲ ಅಂತ ಪತ್ರಿಕೆಗೇ ಹೇಳಿದ. ಕ್ಲಬ್‌ನ ಬಾಗಿಲು ಮುಚ್ಚಿತು. ಹಿಂದಿನ ದಿನದವರೆಗೂ ಕ್ಯಾಪ್ಟನ್ ಆಗಿದ್ದವನಿಗೆ ಅಭ್ಯಾಸ ಮಾಡಲೂ ಜಾಗ ಇರಲಿಲ್ಲ. ಆಗ ಲರಿಯೊನೊವ್, ಮಕರೊವ್, ಕ್ರುಟೊವ್ ಟಿವಿಗೆ ಹೋಗಿ, ಅವನಿಲ್ಲದೆ ನಾವೂ ವಿಶ್ವ ಚಾಂಪಿಯನ್‌ಶಿಪ್‌ಗೆ ಬರಲ್ಲ ಅಂದರು. ಕಸಟೋನೊವ್ ಅವರ ಜೊತೆ ನಿಲ್ಲಲಿಲ್ಲ. ಅಷ್ಟು ವರ್ಷ ಬೆನ್ನು ಕಾದವನು, ಬೇಕಾದ ಹೊತ್ತಿಗೆ ಇರಲಿಲ್ಲ.

ಓಡಿಹೋಗುವ ದಾರಿ ಫೆಟಿಸೊವ್‌ಗೂ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ಚಾಂಪಿಯನ್‌ಶಿಪ್ ಮುಗಿದದ್ದೇ ಅದೇ ತಂಡದ ಇಪ್ಪತ್ತರ ಹುಡುಗ ಮೊಗಿಲ್ನಿ ಸದ್ದಿಲ್ಲದೆ ಅಮೆರಿಕದ ಬಫಲೊಗೆ ಹಾರಿಬಿಟ್ಟ. ನಾನು ಆ ಹುಡುಗನನ್ನು ತಪ್ಪು ಅನ್ನಲಾರೆ. ಫೆಟಿಸೊವ್ ಮಾತ್ರ, ಕೆಲಸಕ್ಕೆ ಹೋಗುವ ವೀಸಾ ಕೊಡಿ, ಮುಂಬಾಗಿಲಿಂದಲೇ ಹೋಗುತ್ತೇನೆ ಅಂತ ಪಟ್ಟು ಹಿಡಿದು ಕೂತ, ಗೆದ್ದ. ಆ ಬೇಸಿಗೆಯಲ್ಲಿ ಅವನು ನ್ಯೂಜೆರ್ಸಿಗೆ, ಮಕರೊವ್ ಕ್ಯಾಲ್ಗರಿಗೆ, ಲರಿಯೊನೊವ್ ಮತ್ತು ಕ್ರುಟೊವ್ ವ್ಯಾಂಕೂವರ್‌ಗೆ ಬಂದರು. ಆ ಹೊತ್ತಿಗೆ ಫೆಟಿಸೊವ್‌ಗೆ 31.

ಕೆಲವೇ ತಿಂಗಳಲ್ಲಿ ಡೆವಿಲ್ಸ್ ತಂಡಕ್ಕೆ ಇನ್ನೊಬ್ಬ ರಷ್ಯನ್ ಬಂದ. ಕಸಟೋನೊವ್! ಇಬ್ಬರನ್ನೂ ಜೊತೆಯಾಗಿ ಇಳಿಸಿದರು. ಬೆಂಚಿನ ಮೇಲೆ ಒಂದು ಮಾತಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲೂ ಇಲ್ಲ. ಮಂಜಿನ ಮೇಲೆ ಇಳಿದರೆ ಮಾತ್ರ ಪಕ್ ಒಬ್ಬನ ಸ್ಟಿಕ್‌ನಿಂದ ಇನ್ನೊಬ್ಬನ ಸ್ಟಿಕ್‌ಗೆ ಹಳೇ ಅಭ್ಯಾಸದಲ್ಲಿ ಹೋಗಿ ಸೇರುತ್ತಿತ್ತು. ಮನಸ್ಸು ಮುರಿದರೂ ಕೈ ಮರೆತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಇಬ್ಬರೂ ರಾಜಿಯಾದರು.

ನ್ಯೂಜೆರ್ಸಿಯ ವರ್ಷಗಳು ಸುಖದವಲ್ಲ. ಪಕ್ ಎದುರಾಳಿಯ ಮೂಲೆಗೆ ಹೊಡೆದು ಅದರ ಹಿಂದೆ ಓಡು ಅನ್ನುವ ಆಟ ಅವನದಲ್ಲ. 1995ರ ಏಪ್ರಿಲ್‌ನಲ್ಲಿ, ಇನ್ನೇನು 37 ತುಂಬುತ್ತೆ ಅನ್ನುವಾಗ, ಡೆಟ್ರಾಯ್ಟ್‌ಗೆ ಕಳಿಸಿಬಿಟ್ಟರು. ಬೇರೆಯವರ ಲೆಕ್ಕದಲ್ಲಿ ಮುಗಿದ ಆಟಗಾರ. ಅಲ್ಲಿ ಕೋಚ್ ಸ್ಕಾಟಿ ಬೋಮನ್, ಅಕ್ಟೋಬರ್ 27ರಂದು ಕ್ಯಾಲ್ಗರಿಯ ಪಂದ್ಯದಲ್ಲಿ ಐದು ರಷ್ಯನ್ನರನ್ನು ಒಟ್ಟಿಗೆ ಇಳಿಸಿದ. ಮುಂದೆ ಫೆಡೊರೊವ್, ಲರಿಯೊನೊವ್, ಕೊಜ್ಲೊವ್. ಹಿಂದೆ ಫೆಟಿಸೊವ್, ಕೊನ್‌ಸ್ಟಾಂಟಿನೊವ್. ಹಳೇ ವಿಡಿಯೊ ಹುಡುಕಿ ನೋಡಿ. ದಾರಿ ಕಾಣದಿದ್ದರೆ ಇವರು ಪಕ್ ಎಸೆದು ಕಳಕೊಳ್ಳುವುದಿಲ್ಲ. ಹಿಂದಕ್ಕೆ ತಿರುಗಿಸುತ್ತಾರೆ, ಇನ್ನೊಂದು ಸುತ್ತು ಹಾಕುತ್ತಾರೆ, ಎದುರಾಳಿ ಅದನ್ನೇ ನೋಡುತ್ತಾ ನಿಂತಿರುವಾಗ ಯಾರೋ ಒಬ್ಬ ಖಾಲಿ ಜಾಗದಲ್ಲಿ ಇರುತ್ತಾನೆ. ಆ ಸೀಸನ್ ತಂಡ 62 ಪಂದ್ಯ ಗೆದ್ದಿತು. ಕೊನ್‌ಸ್ಟಾಂಟಿನೊವ್ ಇನ್ನೂ 28ರವನು. ಸಿಎಸ್‌ಕೆಎಯಲ್ಲೇ ಬೆಳೆದವನು, ಗಟ್ಟಿ ಪಿಂಡ. ಫೆಟಿಸೊವ್ ಮುಂದಕ್ಕೆ ಹೋದಾಗ ಹಿಂದೆ ನಿಂತು ಎದುರಾಳಿಗಳನ್ನು ಅಡ್ಡ ಹಾಕಿ ಕೆಡವುವುದು ಅವನ ಕೆಲಸ.

1997ರಲ್ಲಿ ಕಪ್ ಎತ್ತುವ ಸರದಿ ಬಂದಾಗ ಫೆಟಿಸೊವ್ ಲರಿಯೊನೊವ್‌ನನ್ನು ಕರೆದ, ಇಬ್ಬರೂ ಸೇರಿ ಹಿಡಿದು ಸುತ್ತಿದರು. ಆರು ದಿನಕ್ಕೆ ಆ ಲಿಮೊಸಿನ್. ಮರುವರ್ಷ ತಂಡ ಮತ್ತೆ ಗೆದ್ದಾಗ ಕೊನ್‌ಸ್ಟಾಂಟಿನೊವ್ ವೀಲ್‌ಚೇರ್‌ನಲ್ಲಿ ಬಂದ, ಕಪ್ ಅವನ ಮಡಿಲಲ್ಲಿಟ್ಟರು. ಇವತ್ತಿಗೂ ಅವನಿಗೆ ಹಗಲೂ ರಾತ್ರಿ ಆರೈಕೆ ಬೇಕು. ನಮ್ಮ ಮಿಷಿಗನ್ ವಾಹನ ವಿಮೆಯ ಕಾನೂನು ಬದಲಿಸಿದಾಗ ಅದಕ್ಕೂ ಕುತ್ತು ಬಂದಿತ್ತು. ಆ ಕಾನೂನು ಆರೈಕೆಯ ಹಣ ಕಡಿತ ಮಾಡಿದ್ದು ಹಳೇ ಅಪಘಾತಗಳಿಗೆ ಸಲ್ಲದು ಅಂತ 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು ಒಳ್ಳೆಯದಾಯಿತು.

ಫೆಟಿಸೊವ್ 1998ರಲ್ಲಿ ಸ್ಕೇಟ್ ಬಿಚ್ಚಿದ. ಎನ್‌ಎಚ್‌ಎಲ್‌ನಲ್ಲಿ 546 ಪಂದ್ಯ, 36 ಗೋಲು. ಬರೀ ಈ ಅಂಕಿ ನೋಡಿ ಅವನನ್ನು ಅಳೆಯುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮಾಗಿದ ವರ್ಷಗಳನ್ನೆಲ್ಲ ಬೇರೆಯವರು ಬೀಗ ಹಾಕಿ ಇಟ್ಟುಕೊಂಡಿದ್ದರು ಅಲ್ವಾ?

ಆಮೇಲೆ ಅವನು ಕೋಚ್ ಆದ, ರಷ್ಯಾದ ಕ್ರೀಡಾ ಇಲಾಖೆಯ ಮುಖ್ಯಸ್ಥನಾದ, ಸೆನೆಟರ್ ಆದ, 2021ರಲ್ಲಿ ರಷ್ಯಾದ ಸಂಸತ್ತಿನ ಕೆಳಮನೆ ಡೂಮಾದ ಸದಸ್ಯನಾದ. 2015ರಲ್ಲಿ, ರಷ್ಯಾದ ಆಟಗಾರರು 28 ತುಂಬುವವರೆಗೆ ದೇಶ ಬಿಟ್ಟು ಹೋಗದಂತೆ ಕಾನೂನು ಬರಬೇಕು ಅಂದ. ಅದನ್ನು ಓದಿದ ದಿನ ನನಗೆ ತುಂಬಾ ನೋವಾಯಿತು. ಬೇರೆ ಯಾರಾದರೂ ಹೇಳಿದ್ದರೆ ಸುಮ್ನೆ ಬಿಡುತ್ತಿದ್ದೆ. 1989ರಲ್ಲಿ ಅಷ್ಟು ತಿಂದವನು ಈ ಮಾತು ಆಡಬಾರದಿತ್ತು.

2022ರಲ್ಲಿ ಅದೇ ಸಿಎಸ್‌ಕೆಎಯ ಗೋಲ್‌ಕೀಪರ್ ಇವಾನ್ ಫೆಡೊಟೊವ್ ಫಿಲಡೆಲ್ಫಿಯಾ ತಂಡಕ್ಕೆ ಸಹಿ ಹಾಕಿದ. ಜುಲೈನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನನ್ನು ಹಿಡಿದು, ಸೈನ್ಯದ ಸೇವೆ ತಪ್ಪಿಸಿಕೊಂಡ ಅಂತ ಹೇಳಿ ದೂರದ ಉತ್ತರಕ್ಕೆ ಸಾಗಿಸಿದರು. ಸೇವೆ ಮುಗಿದ ಮೇಲೆ ಮತ್ತೆ ಸಿಎಸ್‌ಕೆಎಗೇ ಆಡಿದ. 2024ರ ಮಾರ್ಚ್‌ನಲ್ಲಿ ಕ್ಲಬ್ ಬಿಟ್ಟುಕೊಟ್ಟಿತು. ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ಪರ ಮೊದಲ ಸಲ ಮಂಜಿಗಿಳಿದ. ಆಗ ಅವನಿಗೆ 27.