ಕಡಿಮಿ ರೊಕ್ಕದಾಗ ದ್ವೀಪ: ಮಾಲ್ಡೀವ್ಸೋ, ಅಂಡಮಾನೋ?

ಮದುವಿ ಸೀಸನ್ ಮುಗಿಸಿ ಕಲಬುರಗಿ ಬಿಸಿಲಿನಿಂದ ದ್ವೀಪಕ್ಕ ಹೊಂಟವರು ಮೊದಲು ರೂಮಿನ ರೇಟ್ ನೋಡಬ್ಯಾಡ್ರಿ, ಏರ್‌ಪೋರ್ಟಿನಿಂದ ರೂಮಿನ ತನಕದ ಖರ್ಚು ನೋಡ್ರಿ. ಮಾಲ್ಡೀವ್ಸ್ ವೀಸಾ ಪುಕ್ಕಟೆ, ಖರೆ. ಆದ್ರ ರೆಸಾರ್ಟಿನ ಸೀಪ್ಲೇನ್ (ನೀರಿನ ಮ್ಯಾಗ ಇಳಿಯೋ ಸಣ್ಣ ವಿಮಾನ) ಹಗಲಿನಾಗಷ್ಟೇ ಹಾರ್ತದ; ವಿಮಾನ ಸಂಜಿ ಮುಂದ ಇಳೀತಂದ್ರ ರಾಜಧಾನಿ ಮಾಲೆಯೊಳಗ ಒಂದು ರಾತ್ರಿ ಬಾಡಿಗಿ ಬ್ಯಾರೆ. ಪ್ರವಾಸಿಗರು ಕೊಡೋ ಗ್ರೀನ್ ಟ್ಯಾಕ್ಸ್ ರೆಸಾರ್ಟಿನಾಗ ತಲಿಗೆ ದಿನಕ್ಕ 12 ಡಾಲರ್, ಊರಿನ ಸಣ್ಣ ಗೆಸ್ಟ್‌ಹೌಸಿನಾಗ 6. ಇಬ್ಬರಿಗೆ ನಾಲ್ಕು ರಾತ್ರಿಗೆ 96 ಇಲ್ಲಾ 48. ಹಂಗಾಗಿ ಹೋಗೋದೇ ಇದ್ರ ಗೆಸ್ಟ್‌ಹೌಸ್ ಇರೋ ಮಾಫುಶಿ ದ್ವೀಪಕ್ಕ, ಸ್ಪೀಡ್‌ಬೋಟಿನಾಗ.

ನನ್ನ ಓಟು ಮಾತ್ರ ಅಂಡಮಾನಿಗೆ. ಪಾಸ್‌ಪೋರ್ಟ್ ಬ್ಯಾಡ, ಇಲ್ಲಿಂದ ಚೆನ್ನೈಗೆ ನೇರ ರೈಲು, ಅಲ್ಲಿಂದ ವಿಮಾನ. ಅಲ್ಲಿನ ಸ್ವರಾಜ್ ದ್ವೀಪಕ್ಕ (ಹಳೇ ಹೆಸರು ಹ್ಯಾವ್‌ಲಾಕ್) ಸರ್ಕಾರಿ ಫೆರಿ ಅಗ್ಗ. ಮೇ ಕೊನಿಗೆ ಮುಂಗಾರು ಹಿಡೀತದ, ಸಮುದ್ರ ಎದ್ರ ಫೆರಿ ರದ್ದು. ಅದಕ್ಕ ವಾಪಸ್ ವಿಮಾನದ ಹಿಂದಿನ ರಾತ್ರಿ ವಿಮಾನ ಹತ್ತೋ ಊರು ಶ್ರೀ ವಿಜಯಪುರಂನಾಗೇ (ಹಳೇ ಹೆಸರು ಪೋರ್ಟ್ ಬ್ಲೇರ್) ಇರ್ರಿ. ಸಮುದ್ರ ಮೊದಲ ಸಲ ನೋಡೋ ಜೋಡಿಗೆ ನೀರಿನ ಮ್ಯಾಗಿನ ವಿಲ್ಲಾಕ್ಕಿಂತ ಗಡಿಬಿಡಿ ಇಲ್ಲದ ಎರಡು ದಿನ ದೊಡ್ಡದು ಅನಸ್ತದ.

ಲಕ್ಷದ್ವೀಪ ಮನಸಿನಾಗ ಇದ್ರ, ಪರ್ಮಿಟ್ ಕೈಗೆ ಬರೋತನಕ ಟಿಕೆಟ್ ತಗೋಬ್ಯಾಡ್ರಿ.