ಟ್ರಾಮ್ ಟಿಕೆಟ್‌ನಲ್ಲೇ ಸಮುದ್ರದ ಕೋಟೆಗೆ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಸುವೊಮೆನ್‌ಲಿನ್ನಾಗೆ. ನಗರದ ಎದುರಿಗೇ, ಸಮುದ್ರದ ನಡುವಿನ ದ್ವೀಪಗಳ ಮೇಲೆ ಕಟ್ಟಿದ ಕೋಟೆ ಅದು. 1991ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೊನ್ನಾವರದ ಬಸವರಾಜದುರ್ಗ ನೋಡಬೇಕೆಂದರೆ ದೋಣಿ ಗೊತ್ತು ಮಾಡಿಕೊಳ್ಳಬೇಕಲ್ವಾ? ಇಲ್ಲಿ ಆ ತಾಪತ್ರಯವಿಲ್ಲ. ಮಾರ್ಕೆಟ್ ಚೌಕದ ದಕ್ಕೆಯಿಂದ ನಗರ ಸಾರಿಗೆಯದೇ ಫೆರ್ರಿ ಹೊರಡುತ್ತದೆ. ಟ್ರಾಮಿಗೆ, ಬಸ್ಸಿಗೆ ತೆಗೆದುಕೊಂಡ ಎಬಿ ವಲಯದ, ಅಂದರೆ ನಗರದೊಳಗಿನ, ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ಸುಮಾರು ಕಾಲು ಗಂಟೆಯ ದಾರಿ. ಕೋಟೆಗೆ ಪ್ರವೇಶ ಶುಲ್ಕವೂ ಇಲ್ಲ. ಆದರೆ ಒಂದು ಸಲದ ಟಿಕೆಟ್ಟಿನ ಅವಧಿ 80 ನಿಮಿಷ ಅಷ್ಟೆ. ಅಷ್ಟರಲ್ಲಿ ಕೋಟೆ ನೋಡಿ ಮುಗಿಯುವುದಿಲ್ಲ, ದಿನದ ಪಾಸ್ ತಗೊಳ್ಳಿ.

ಫೆರ್ರಿ ಹತ್ತಿದ ಮೇಲೆ ಸುಮ್ನೆ ಜನರನ್ನು ನೋಡಿ. ಕ್ಯಾಮೆರಾ ಹಿಡಿದವರ ಪಕ್ಕದಲ್ಲೇ ತರಕಾರಿ ಚೀಲ ಹಿಡಿದವರು, ಮಗುವಿನ ಗಾಡಿ ತಳ್ಳುವವರು ಇರುತ್ತಾರೆ. ಅವರೆಲ್ಲ ಮನೆಗೆ ಹೊರಟವರು. ಕೋಟೆಯೊಳಗೆ ಇವತ್ತಿಗೂ ಸುಮಾರು 800 ಜನ ವಾಸವಿದ್ದಾರೆ. ಅಂಗಡಿ, ಶಾಲೆ, ಲೈಬ್ರರಿ ಎಲ್ಲವೂ ಅಲ್ಲೇ ಇವೆ. ಒಂದು ತೆರೆದ ಜೈಲೂ ಇದೆ. ಅಲ್ಲಿನ ಕೈದಿಗಳು ಕೋಟೆಯ ದುರಸ್ತಿ ಕೆಲಸ ಮಾಡುತ್ತಾರೆ. ಸಮುದ್ರ ಹೆಪ್ಪುಗಟ್ಟುವ ಚಳಿಗಾಲದಲ್ಲೂ ಈ ಫೆರ್ರಿ ನಿಲ್ಲುವುದಿಲ್ಲ. ಐಸ್ ಒಡೆದುಕೊಂಡು ಹೋಗುವಾಗ ಅದರ ಚೂರುಗಳು ತಳಕ್ಕೆ ಉಜ್ಜಿ ಗರಗರ ಅನ್ನುವುದು ಒಳಗೆ ಕೂತವರಿಗೂ ಕೇಳುತ್ತದೆ. ನನಗೆ ಬೇಸಿಗೆಗಿಂತ ಆ ಪ್ರಯಾಣವೇ ಇಷ್ಟ.

ಕೋಟೆ ಕಟ್ಟಲು ಶುರು ಮಾಡಿದ್ದು 1748ರಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ನಿನ ಭಾಗ. ರಷ್ಯಾದ ಭಯಕ್ಕೆ ಅಗಸ್ಟಿನ್ ಎಹ್ರೆನ್ಸ್‌ವರ್ಡ್ ಎಂಬ ಅಧಿಕಾರಿಯ ಕೈಯಲ್ಲಿ ಇದನ್ನು ಕಟ್ಟಿಸಿದರು. ಅವನ ಸಮಾಧಿಯೂ ಇಲ್ಲೇ ಇದೆ. ಅಷ್ಟು ವರ್ಷ ಬೆವರು ಸುರಿಸಿ ಕಟ್ಟಿದ ಕೋಟೆ 1808ರಲ್ಲಿ ದೊಡ್ಡ ಕಾಳಗವೇ ಇಲ್ಲದೆ ರಷ್ಯಾಕ್ಕೆ ಶರಣಾಯಿತು. ಮರುವರ್ಷ ಫಿನ್ಲೆಂಡೇ ರಷ್ಯಾದ ಪಾಲಾಯಿತು. ಮುಂದೆ 1855ರಲ್ಲಿ, ಕ್ರೈಮಿಯಾ ಯುದ್ಧದ ಸಮಯದಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ಸಮುದ್ರದಿಂದಲೇ ಗುಂಡಿನ ಮಳೆ ಸುರಿಸಿದವು. 1918ರ ಫಿನ್ಲೆಂಡಿನ ಅಂತರ್ಯುದ್ಧದ ನಂತರ ಸೋತ ಎಡಪಂಥೀಯ ಕೆಂಪು ಪಡೆಯವರನ್ನು ಇಲ್ಲಿ ಸೆರೆಯಲ್ಲಿಟ್ಟರು. ಹಸಿವು, ಕಾಯಿಲೆಯಿಂದ ಎಷ್ಟೋ ಜನ ಇಲ್ಲೇ ಸತ್ತರು. ಬಿಸಿಲು ಕಾಯಿಸುತ್ತಾ ಹುಲ್ಲಿನ ಮೇಲೆ ಮಲಗುವ ಜನರ ನಡುವೆ ಈ ಸಂಗತಿ ಮರೆತುಹೋಗಬಾರದು ಅನ್ನಿಸುತ್ತದೆ ನನಗೆ.

ದಕ್ಕೆಯಲ್ಲಿ ಇಳಿದರೆ ಎದುರಿಗೆ ಗುಲಾಬಿ ಬಣ್ಣದ ಹಳೆಯ ಬ್ಯಾರಕ್. ಅದರ ಕಮಾನಿನೊಳಗಿಂದ ಹೊರಟು ನೀಲಿ ಫಲಕಗಳ ದಾರಿ ಹಿಡಿಯಿರಿ. ನಡುವೆ ಚರ್ಚ್ ಸಿಗುತ್ತದೆ. ಅದರ ಗುಮ್ಮಟದಲ್ಲೇ ದೀಪಸ್ತಂಭದ ದೀಪವಿದೆ, ಹಡಗುಗಳಿಗೆ ಈಗಲೂ ದಾರಿ ತೋರಿಸುತ್ತದೆ. ಮುಂದೆ ದಡದಲ್ಲಿ ಎರಡನೇ ಮಹಾಯುದ್ಧದ ವೆಸಿಕ್ಕೊ ಸಬ್‌ಮರೀನ್ ನಿಂತಿದೆ. ದಾರಿಯ ಕೊನೆಗೆ ರಾಜನ ದ್ವಾರ. 1752ರಲ್ಲಿ ಸ್ವೀಡನ್ ರಾಜ ಅಡಾಲ್ಫ್ ಫ್ರೆಡ್ರಿಕ್ ಕೋಟೆ ಕೆಲಸ ನೋಡಲು ಬಂದಾಗ ಅವನ ಹಡಗು ಲಂಗರು ಹಾಕಿದ ಜಾಗದಲ್ಲಿ ಆಮೇಲೆ ಇದನ್ನು ಕಟ್ಟಿದರು. ದಾರಿಯಲ್ಲಿ ದುಂಡುಗಲ್ಲಿನ ಹಾಸು ಜಾಸ್ತಿ, ಗಾಳಿಯೂ ಜಾಸ್ತಿ. ಜುಲೈ ತಿಂಗಳಾದರೂ ಜಾಕೆಟ್ ಇರಲಿ. ಸುರಂಗಗಳೊಳಗೆ ನುಗ್ಗುವ ಆಸೆಯಿದ್ದರೆ ಟಾರ್ಚ್ ಬೇಕು.

ಅಲ್ಲಿಂದ ತಿರುಗಿ ಓಡಬೇಡಿ. ಹಳೆಯ ಫಿರಂಗಿಗಳ ಕೆಳಗಿನ ಬಂಡೆಗಳ ಮೇಲೆ ಕೂತುಕೊಳ್ಳಿ. ಸ್ಟಾಕ್‌ಹೋಮಿಗೆ ಹೋಗುವ ಭಾರಿ ಹಡಗುಗಳು ಇಲ್ಲಿನ ಇಕ್ಕಟ್ಟಾದ ಜಲಸಂಧಿಯಲ್ಲೇ ದಾಟಬೇಕು. ಹತ್ತು ಮಹಡಿಯ ಕಟ್ಟಡದಷ್ಟು ಎತ್ತರದ ಹಡಗು ಕಣ್ಣೆದುರೇ ಸರಿದು ಹೋಗುತ್ತದೆ. ಡೆಕ್ ಮೇಲೆ ನಿಂತವರು ಕೈ ಬೀಸಿದರೆ ಮುಖವೇ ಕಾಣುವಷ್ಟು ಹತ್ತಿರ. ಅದಕ್ಕೇ ನೆಂಟರನ್ನು ಕರೆದೊಯ್ಯುವಾಗ ಮಧ್ಯಾಹ್ನವೇ ಹೊರಟು, ಸಂಜೆ 5ರ ಹೊತ್ತಿಗೆಲ್ಲ ಆ ಬಂಡೆಗಳ ಹತ್ತಿರ ಇರುವ ಹಾಗೆ ನೋಡಿಕೊಳ್ಳುತ್ತೇನೆ.